ಒಂದಕ್ಕೆ ನಾಲ್ಕು

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಒಂದೊಂದು ಪ್ರವಾಸ ಕಥನ ಬರೆದಿದ್ದಾರೆ. ನನಗೆ ಅಂಥ ಆಸೆಯೇನೂ ಇಲ್ಲ. ಅಲ್ಲಿದ್ದ ಆರು ತಿಂಗಳಲ್ಲಿ ನಾನು ನೋಡಿದ್ದು ಮಗಳ ಅಡುಗೆಮನೆ, ಅವಳ ಪುಟ್ಟ ಹಿತ್ತಿಲು, ಆಸ್ಪತ್ರೆಯ ಒಂದು ಕೋಣೆ, ಮತ್ತೆ ಅಡುಗೆಮನೆಯ ಕಿಟಕಿಯ ಹೊರಗೆ ನೇತುಹಾಕಿದ್ದ ಒಂದು ಕೆಂಪು ಕುಪ್ಪಿ. ನಾನು ಹೇಳಹೊರಟದ್ದು ಆ ಕುಪ್ಪಿಯ ವಿಷಯ.

ಮಗಳ ಎರಡನೆಯ ಬಾಣಂತನಕ್ಕೆಂದು 2022ರ ಸೆಪ್ಟೆಂಬರ್‌ನಲ್ಲಿ ಹೊರಟಿದ್ದೆ. ಅವಳಿರುವುದು ಸಿಯಾಟಲ್ ನಗರದ ಪಕ್ಕದ ಒಂದು ಊರಿನಲ್ಲಿ. ಪೆಟ್ಟಿಗೆಯಲ್ಲಿ ಮೆಂತೆ, ಓಮ, ಒಣಶುಂಠಿ, ಕುಚ್ಚಿಲಕ್ಕಿ, ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ಅಚ್ಚು, ಹೀಗೆ ಬಾಣಂತಿಗೆ ಬೇಕಾದ್ದೆಲ್ಲ ಇತ್ತು. ಏಳು ವರ್ಷದ ಮೊಮ್ಮಗಳು ಪುಟ್ಟಿಗೆ ಕೊಡಲು ಕನ್ನಡ ಅಕ್ಷರಮಾಲೆಯ ಎರಡು ಪುಸ್ತಕಗಳೂ ಇದ್ದವು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳಿದವಳು ನಾನು. ಆರು ತಿಂಗಳಲ್ಲಿ ಮೊಮ್ಮಗಳಿಗೆ ಓದು ಬರಹ ಕಲಿಸಿಯೇ ಬರುತ್ತೇನೆಂದು ನಿವೃತ್ತ ಸಹೋದ್ಯೋಗಿಗಳ ಮುಂದೆ ಜಂಭ ಕೊಚ್ಚಿಕೊಂಡಿದ್ದೆ. ಪುಟ್ಟಿ ಆ ಪುಸ್ತಕಗಳನ್ನು ಒಮ್ಮೆ ಮಗುಚಿ ನೋಡಿ, ಚಿತ್ರ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಬದಿಗಿಟ್ಟಳು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಇಂಥ ಮೊಮ್ಮಕ್ಕಳು ಈಗ ನಮ್ಮ ಅನೇಕ ಮನೆಗಳಲ್ಲಿ ಇದ್ದಾರೆ. ಅಮೆರಿಕದಲ್ಲಿಯೇ ಇರಬೇಕೆಂದಿಲ್ಲ.

ಆ ಕೆಂಪು ಕುಪ್ಪಿಗೆ ಹಮ್ಮಿಂಗ್‌ಬರ್ಡ್ ಎಂಬ ಹಕ್ಕಿ ಬರುತ್ತಿತ್ತು. ಅದರ ತೂಕ ಸುಮಾರು ನಾಲ್ಕು ಗ್ರಾಂ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಪವನು. ಗಂಡಿನ ಕೊರಳು ಒಮ್ಮೆ ಕಪ್ಪಾಗಿ ಕಾಣುತ್ತದೆ, ಬೆಳಕಿಗೆ ತಿರುಗಿದೊಡನೆ ಕೆಂಡದಂತೆ ಹೊಳೆಯುತ್ತದೆ. ರೆಕ್ಕೆ ಕಣ್ಣಿಗೆ ಕಾಣುವುದೇ ಇಲ್ಲ, ದುಂಬಿಯಂತೆ ಗುಂಯ್‌ಗುಡುವ ಸದ್ದು ಮಾತ್ರ ಕೇಳುತ್ತದೆ. ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ. ಮೊದಲ ದಿನ ನಾನು ಅದನ್ನು ನಮ್ಮ ಸೂರಕ್ಕಿಯ ನೆಂಟನೆಂದೇ ಭಾವಿಸಿದ್ದೆ. ಹಾಗೇನೂ ಅಲ್ಲವಂತೆ. ಸೂರಕ್ಕಿ ಗುಬ್ಬಚ್ಚಿ, ಕಾಗೆಗಳು ಸೇರಿದ ದೊಡ್ಡ ವರ್ಗದ್ದು. ಹಮ್ಮಿಂಗ್‌ಬರ್ಡ್‌ಗೆ ಹತ್ತಿರದ ಸಂಬಂಧವಿರುವುದು ಸ್ವಿಫ್ಟ್ ಹಕ್ಕಿಗಳ ಜೊತೆ. ಇವುಗಳಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಗಳಿದ್ದರೂ ಉತ್ತರ, ದಕ್ಷಿಣ ಅಮೆರಿಕಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇವಿಲ್ಲ.

ಮಗಳ ಮನೆಗೆ ಬರುತ್ತಿದ್ದ ಜಾತಿಯ ಹೆಸರನ್ನು ಪುಟ್ಟಿ ಹೇಳಿದಾಗ ನನಗೆ ಕೇಳಿಸಿದ್ದು ‘ಅನ್ನ’ ಎಂದು. “ಇದು ಅನ್ನ ತಿನ್ನುತ್ತದಾ ಮಗಾ?” ಎಂದು ಕೇಳಿದೆ. ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅನ್ನಾ ಎಂಬ ಫ್ರೆಂಚ್ ಸಿರಿವಂತರ ಮನೆಯ ಹೆಂಗಸಿನ ಹೆಸರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಕ್ಕಿಗೆ ಇಟ್ಟರಂತೆ. ಅಂದಿನಿಂದ ಆ ಮನೆಯಲ್ಲಿ ಅದು ಅನ್ನದ ಹಕ್ಕಿಯಾಯಿತು. ಪುಟ್ಟಿಯ ಬಾಯಲ್ಲಿ ಅದು ‘ಅನ್ನದ ಅಕ್ಕಿ’. ನಾನು ತಿದ್ದಲು ಹೋಗಲಿಲ್ಲ. ತಿದ್ದಿದರೆ ಮಕ್ಕಳು ಬಾಯಿ ಮುಚ್ಚುತ್ತಾರೆಂಬುದನ್ನು ಕೆಲಸದಿಂದ ನಿವೃತ್ತಳಾಗುವ ಹೊತ್ತಿಗೆ ಕಲಿತಿದ್ದೆ.

ಕುಪ್ಪಿಗೆ ಹಾಕುವ ಪಾನಕವನ್ನು ಮಾಡುವುದು ಹೇಗೆಂದು ನನಗೆ ಹೇಳಿಕೊಟ್ಟವರು ಎರಡು ಮನೆಯಾಚೆಗಿನ ಒಬ್ಬ ನರ್ಸ್. ಪಯ್ಯನ್ನೂರಿನವರು. ಮಂಗಳೂರಿನಲ್ಲಿ ನರ್ಸಿಂಗ್ ಓದಿದ್ದರಿಂದ ಕನ್ನಡವೂ ಸ್ವಲ್ಪ ಗೊತ್ತು. ನಾನು ಕಾಸರಗೋಡಿನವಳೆಂದು ತಿಳಿದದ್ದೇ ತಡ, “ಟೀಚರೇ” ಎಂದು ಮಲೆಯಾಳದಲ್ಲಿಯೇ ಶುರು ಮಾಡಿದರು. ಊರಿನಲ್ಲಿ ಕಚೇರಿಗೆ ಹೋದಾಗ ಅಗತ್ಯಕ್ಕಷ್ಟೇ ಆಡುತ್ತಿದ್ದ ಮಲೆಯಾಳವನ್ನು ನಾನು ಸಂತೋಷದಿಂದ ಆಡಿದ್ದು ಬಹುಶಃ ಅಲ್ಲಿಯೇ ಮೊದಲು. ಅದೇಕೆ ಹಾಗೆ ಎಂದು ಈ ಸಂಚಿಕೆಯ ಎರಡೂ ಬದಿಯ ಓದುಗರು ತಮ್ಮೊಳಗೆ ಕೇಳಿಕೊಳ್ಳಬಹುದು.

“ಒರು ಗ್ಲಾಸ್ ಪಂಚಸಾರ, ನಾಲು ಗ್ಲಾಸ್ ವೆಳ್ಳಂ. ವೇರೆ ಒನ್ನುಂ ವೇಂಡ” ಎಂದರು ಅವರು. ಒಂದು ಲೋಟ ಸಕ್ಕರೆ, ನಾಲ್ಕು ಲೋಟ ನೀರು, ಬೇರೇನೂ ಬೇಡ. ಹೂವಿನ ಮಕರಂದದ ಸಿಹಿಗೆ ಇದು ಹತ್ತಿರದ ಲೆಕ್ಕ. ನಾನು ಅದನ್ನು ಕುಡ್ತೆಗೆ ಇಳಿಸಿಕೊಂಡೆ. ನೀರು ಬಿಸಿ ಮಾಡಿ, ಬಿಳಿ ಸಕ್ಕರೆ ಹಾಕಿ, ಕರಗುವವರೆಗೆ ಕದಡಿ, ಪೂರ್ತಿ ತಣಿದ ಮೇಲೆ ಕುಪ್ಪಿಗೆ ತುಂಬುವುದು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ವಾರ ಕೆಡುವುದಿಲ್ಲ. ಅಂಗಡಿಯಲ್ಲಿ ಕೆಂಪು ಬಣ್ಣದ ತಯಾರಿ ಪಾನಕ ಸಿಗುತ್ತದೆ, ಅದು ಬೇಡ. ಹಕ್ಕಿಯನ್ನು ಕರೆಯಲು ಕುಪ್ಪಿಯ ಕೆಂಪು ಸಾಕು, ನೀರಿಗೆ ಬಣ್ಣ ಯಾಕೆ? ನೀರು ಬೆರೆಸಿದ ಜೇನುತುಪ್ಪಕ್ಕೆ ಬೇಗ ಬೂಸ್ಟು ಬರುತ್ತದೆ, ಅದೂ ಆಗದು. ಪುಡಿ ಮಾಡಿದ ಸಕ್ಕರೆಗೆ ಜೋಳದ ಹಿಟ್ಟು ಬೆರೆಸಿರುತ್ತಾರೆ, ಅದೂ ಬೇಡ. ಬಿಸಿಲಿನ ದಿನಗಳಲ್ಲಿ ಎರಡು ದಿನಕ್ಕೊಮ್ಮೆಯಾದರೂ ಉಳಿದದ್ದನ್ನು ಚೆಲ್ಲಿ, ಬಿಸಿನೀರಿನಲ್ಲಿ ಕುಪ್ಪಿಯನ್ನು ತಿಕ್ಕಿ ತೊಳೆದು ಹೊಸತು ತುಂಬಬೇಕು. ಒಂದೆಳೆ ಪಾಕ, ಎರಡೆಳೆ ಪಾಕ ಎಂದು ಬೆರಳಲ್ಲಿ ಹಿಡಿದು ನೋಡಿ ಹೋಳಿಗೆ, ಉಂಡೆ ಮಾಡಿದ ನನಗೆ ಇಷ್ಟು ನೀರು ನೀರಾದ ಪಾಕ ಒಂದು ಪಾಕವೇ ಎನ್ನಿಸಿತು. ಆದರೂ ಹೇಳಿದ ಹಾಗೆ ಮಾಡಿದೆ.

ಆ ವರ್ಷ ಅಕ್ಟೋಬರ್ ಅರ್ಧ ಕಳೆದರೂ ಸಿಯಾಟಲ್‌ನಲ್ಲಿ ಬಿಸಿಲು ಇಳಿಯಲಿಲ್ಲ. ಬೆಟ್ಟಗಳಲ್ಲಿ ಕಾಡ್ಗಿಚ್ಚು ಎದ್ದು ಊರಿಡೀ ಹೊಗೆ. ಆ ಹೊಗೆಯ ದಿನಗಳಲ್ಲಿಯೇ ಮಗಳಿಗೆ ನೋವು ಬಂತು. ಅಳಿಯ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮನೆಯಲ್ಲಿ ನಾನೂ ಪುಟ್ಟಿಯೂ. ಮಾರನೆಯ ಬೆಳಿಗ್ಗೆ ನೋಡಿದರೆ ಕುಪ್ಪಿ ಖಾಲಿ, ಡಬ್ಬದಲ್ಲಿ ಸಕ್ಕರೆಯೂ ಮುಗಿದಿದೆ. ಕಾರು ಬಿಡಲು ಬಾರದವರಿಗೆ ಆ ದೇಶದಲ್ಲಿ ಒಂದು ಹಿಡಿ ಸಕ್ಕರೆ ತರುವುದೂ ಒಂದು ಪ್ರಯಾಣವೇ. ಹಕ್ಕಿ ಬಂದು ಖಾಲಿ ಕುಪ್ಪಿಗೆ ಕೊಕ್ಕು ಹಾಕಿ, ಕಿಟಕಿಯ ಗಾಜಿನ ಮುಂದೆ ನಿಂತು ನಮ್ಮನ್ನೇ ನೋಡಿತು. ಪುಟ್ಟಿ ಅಳುವುದಕ್ಕೆ ತಯಾರಾದಳು. ನನ್ನ ಹತ್ತಿರ ಊರಿನ ಬೆಲ್ಲವಿತ್ತಲ್ಲ! ಸಕ್ಕರೆಗಿಂತ ಬೆಲ್ಲ ಸಾತ್ವಿಕ, ರಾಸಾಯನಿಕವಿಲ್ಲದ್ದು, ಬಾಣಂತಿಗೇ ಕೊಡುವಂಥದ್ದು, ಹಕ್ಕಿಗೆ ಆಗದೇನು? ಒಂದು ತುಂಡು ಕುಟ್ಟಿ ನೀರಿಗೆ ಹಾಕಿ, ಸೋಸಿ, ಕುಪ್ಪಿ ತುಂಬಿ ತೂಗುಹಾಕಿದೆ. ಹಕ್ಕಿ ಕುಡಿಯಿತು. ನನಗೆ ಹೆಮ್ಮೆಯೂ ಆಯಿತು. ಆ ಸಂಜೆ ಮೊಮ್ಮಗ ಹುಟ್ಟಿದ ಸುದ್ದಿ ಬಂತು. ಮುಂದಿನ ಮೂರು ದಿನ ಕುಪ್ಪಿಯ ಕಡೆಗೆ ಯಾರ ಗಮನವೂ ಇರಲಿಲ್ಲ.

ನಾಲ್ಕನೆಯ ದಿನ ಆ ನರ್ಸ್ ಮಗುವನ್ನು ನೋಡಲು ಬಂದವರು ಕಿಟಕಿಯ ಹತ್ತಿರ ಹೋಗಿ ನಿಂತರು. ಕುಪ್ಪಿಯೊಳಗೆ ಕಂದು ಬಣ್ಣದ ನೀರು, ಅಂಚಿನಲ್ಲಿ ಕಪ್ಪು ಬೂಸ್ಟಿನ ಬಳೆ. “ಅಯ್ಯೋ ಟೀಚರೇ, ಇದ್ ಶರ್ಕ್ಕರಯಲ್ಲೇ?” ಎಂದರು.

ಗಡಿಯವರಾದ ನಮಗೆ ಈ ಶಬ್ದದ ಆಟ ಗೊತ್ತು. ಕನ್ನಡದ ಸಕ್ಕರೆ ಮಲೆಯಾಳಕ್ಕೆ ಪಂಚಸಾರ. ಮಲೆಯಾಳದ ಶರ್ಕ್ಕರ ಕನ್ನಡದ ಬೆಲ್ಲ. ಆ ಒಂದು ಶಬ್ದ ಕೇಳಿದೊಡನೆ ನನಗೆ ಆದದ್ದನ್ನು ಹೇಳಬೇಕಾದರೆ ಐವತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ನನ್ನ ತಂದೆ ಜೇನು ಸಾಕುತ್ತಿದ್ದರು. ತೋಟದ ಅಂಚಿನಲ್ಲಿ ಹದಿನಾಲ್ಕು ಪೆಟ್ಟಿಗೆಗಳು, ತುಡುವೆ ಜೇನು. ಮಳೆಗಾಲದಲ್ಲಿ ನಮ್ಮ ಕಡೆ ಹೂವೂ ಇಲ್ಲ, ನೊಣಗಳಿಗೆ ಹೊರಗೆ ಹಾರಲು ಬಿಡುವೂ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಾಕಿದವನೇ ಉಣಿಸಬೇಕು. ತಂದೆ ಸಕ್ಕರೆಗೆ ಸಮಪಾಲು ನೀರು ಹಾಕಿ ಕಾಯಿಸಿ, ತಣಿಸಿ, ತೆಂಗಿನ ಗೆರಟೆಯಲ್ಲಿ ಹೊಯ್ದು, ನೊಣ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಟ್ಟು, ಮುಸ್ಸಂಜೆಗೆ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲಿನ ಬುಡದಲ್ಲಿ ನೀರಿನ ತಟ್ಟೆ. ಆಗ ಸಕ್ಕರೆಗೆ ಬಲು ತತ್ವಾರ. ಮನೆಯ ಕಾಫಿಗೆ ಬೆಲ್ಲ, ಜೇನಿಗೆ ಸಕ್ಕರೆ. ಇದು ಅಮ್ಮನ ಖಾಯಂ ದೂರು.

ಒಂದು ದಿನ ತಂದೆ ಸಕ್ಕರೆ ತರಲು ನನ್ನನ್ನು ಪೇಟೆಗೆ ಕಳಿಸಿದರು. ತೆಂಕಣದಿಂದ ಬಂದ ಒಬ್ಬರು ಅಲ್ಲಿ ಹೊಸ ಅಂಗಡಿ ಹಾಕಿದ್ದರು. ನಾನು ಹುಟ್ಟಿದ್ದು 1957ರಲ್ಲಿ, ಅಂದರೆ 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ. ಶಾಲೆಯಲ್ಲಿ ಆಗಷ್ಟೇ ಎರಡು ಮಲೆಯಾಳ ಮಾತು ಕಲಿತಿದ್ದ ಉತ್ಸಾಹ. ಸಕ್ಕರೆ ಎಂದರೆ ಅವರಿಗೆ ತಿಳಿಯದೇನೋ ಎಂದು, ಸಂಸ್ಕೃತದ ಶಬ್ದವಾದರೆ ಎರಡು ಭಾಷೆಗೂ ಹೊಂದುತ್ತದೆಂದು ಲೆಕ್ಕ ಹಾಕಿ, ಗತ್ತಿನಿಂದ “ಶರ್ಕರ” ಎಂದೆ. ಅವರು ಬೆಲ್ಲ ಕಟ್ಟಿಕೊಟ್ಟರು. ಪೊಟ್ಟಣ ಬಿಚ್ಚಿ ನೋಡದೆ, ಗೊರಬೆಯೊಳಗೆ ಮುದುಡಿಕೊಂಡು ಮನೆಗೆ ಬಂದೆ.

ತಂದೆ ಪೊಟ್ಟಣ ಬಿಚ್ಚಿ ನನ್ನ ಮುಖ ನೋಡಿದರು. ಬೈಯಲಿಲ್ಲ. “ಬೆಲ್ಲ ಜೇನಿಗೆ ಆಗದು ಮಗಾ, ಹೊಟ್ಟೆ ಕೆಡುತ್ತದೆ. ಮಳೆಯಲ್ಲಿ ಹೊರಗೆ ಹೋಗಲಿಕ್ಕಾಗದೆ ಒಳಗೇ ಹೇತು ಸಾಯುತ್ತವೆ” ಎಂದು ಹೇಳಿ, ಆ ಮಳೆಯಲ್ಲಿ ತಾವೇ ಪೇಟೆಗೆ ಹೋಗಿ ಸಕ್ಕರೆ ತಂದರು. ಬಾಗಿಲಲ್ಲಿ ನಿಂತು ಅವರು ಹೋಗುವುದನ್ನು ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಅಷ್ಟು ಸರಿಯಾಗಿ ಕಲಿತ ಪಾಠವನ್ನು ಸಿಯಾಟಲ್‌ನ ಅಡುಗೆಮನೆಯಲ್ಲಿ ಹೇಗೆ ಮರೆತೆನೋ ತಿಳಿಯದು. ನರ್ಸ್ ಮೆಲ್ಲಗೆ ವಿವರಿಸಿದರು. ಬೆಲ್ಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಾಣಂತಿಗೆ ಒಳ್ಳೆಯದೆಂದು ನಾವು ಹೇಳುವ ಆ ಕಬ್ಬಿಣವೇ, ಕಬ್ಬಿಣವಿಲ್ಲದ ಮಕರಂದ ಕುಡಿದು ಬಾಳುವ ಈ ಹಕ್ಕಿಯ ದೇಹದಲ್ಲಿ ಸೇರಿ ತೊಂದರೆ ಕೊಡುತ್ತದೆ. ಬೂಸ್ಟು ಇನ್ನೂ ಅಪಾಯ. ಪುಟ್ಟಿ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಲೆಯಾಳ ಅವಳಿಗೆ ಬಾರದು, ಆದರೆ ನಡುನಡುವಿನ ಇಂಗ್ಲಿಷ್ ಶಬ್ದಗಳು ಸಾಕಾದವು. ಅಂದಿನಿಂದ ಹಕ್ಕಿಯೂ ಬರಲಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಅವಳು ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದಳು: ಅಜ್ಜಿ ಅನ್ನದ ಅಕ್ಕಿಗೆ ವಿಷ ಹಾಕಿದ್ದಾಳೆ. ಹಕ್ಕಿಯ ಹೆಸರೊಂದನ್ನು ಮಾತ್ರ ಕನ್ನಡದಲ್ಲಿ ಹೇಳಿದ್ದಳು.

ಅಳಿಯ ಗದರಿಸಲು ಹೊರಟ. ನಾನು ತಡೆದೆ. ಆ ರಾತ್ರಿ ನಿದ್ರೆ ಬರಲಿಲ್ಲ. ತಂದೆಯ ಜೇನು ಪೆಟ್ಟಿಗೆಗಳು ಕಣ್ಣಮುಂದೆ ಬಂದವು. 1991-92ರ ಸುಮಾರಿಗೆ ಕೇರಳದಲ್ಲಿ, ನಮ್ಮ ಸೀಮೆಯಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆ ಜೇನಿಗೆ ಬಂದು ಸಾವಿರಾರು ಕುಟುಂಬಗಳು ಅಳಿದುಹೋದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಎರಿಯೊಳಗೆ ಮರಿಹುಳುಗಳು ನೀರು ತುಂಬಿದ ಸಣ್ಣ ಚೀಲದಂತಾಗಿ ಸಾಯುತ್ತಿದ್ದವು. ನಮ್ಮ ಹದಿನಾಲ್ಕು ಪೆಟ್ಟಿಗೆಗಳೂ ಒಂದರ ಹಿಂದೆ ಒಂದು ಖಾಲಿಯಾದವು. ಆಗ ನನಗೆ ಶಾಲೆಯಿತ್ತು, ಸಣ್ಣ ಮಗಳಿದ್ದಳು. ತಂದೆಗೆ ವಯಸ್ಸಾಗಿದ್ದರಿಂದ ರಜಾದಿನಗಳಲ್ಲಿ ಗೆರಟೆ ತೊಳೆದು ಪಾಕ ಇಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಪೆಟ್ಟಿಗೆಯಿಂದ ತೆಗೆದ ಗೆರಟೆಯನ್ನು ಅವಸರದಲ್ಲಿ ಬರಿಯ ನೀರಿನಲ್ಲಿ ಅದ್ದಿ ಇನ್ನೊಂದಕ್ಕೆ ಇಟ್ಟದ್ದುಂಟು. ರೋಗ ಇಡೀ ರಾಜ್ಯಕ್ಕೇ ಬಂದಿತ್ತು, ನನ್ನ ಗೆರಟೆಯಿಂದ ಬಂದದ್ದಲ್ಲ, ನಿಜ. ತಂದೆಯೂ ಹಾಗೆಯೇ ಹೇಳಿದರು. ಆದರೂ ಅವರು ತೀರಿಕೊಳ್ಳುವವರೆಗೂ ನಾನು ಅವರ ಮುಂದೆ ಆ ಗೆರಟೆಯ ವಿಷಯ ಎತ್ತಲಿಲ್ಲ.

ಬೆಳಿಗ್ಗೆ ಎದ್ದು ಕುಪ್ಪಿಯನ್ನು ಬಿಚ್ಚಿದೆ. ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದು ತೂತನ್ನೂ ತಿಕ್ಕಿದೆ. ಅಳಿಯ ತಂದ ಸಕ್ಕರೆಯನ್ನು ಮೇಜಿನ ಮೇಲಿಟ್ಟು ಪುಟ್ಟಿಯನ್ನು ಕರೆದೆ. “ನಾನು ತಪ್ಪು ಮಾಡಿದೆ ಮಗಾ. ಇನ್ನು ಅಳತೆ ನಿನ್ನದು” ಎಂದೆ. ಅವಳು ಬಹಳ ಹೊತ್ತು ಮುಖ ಊದಿಸಿಕೊಂಡು ನಿಂತಿದ್ದಳು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿದಳು. ಒಂದು ಕುಡ್ತೆ ಸಕ್ಕರೆ. ನೀರು ಒಂದು, ಎರಡು, ಮೂರು, ನಾಲ್ಕು. ಎಣಿಕೆ ಕನ್ನಡದಲ್ಲಿ ಆಗಬೇಕೆಂದು ನಾನೇನೂ ಹೇಳಲಿಲ್ಲ. ನಾನು ಎಣಿಸಿದೆ, ಹಿಂದಿನಿಂದ ಅವಳೂ ಎಣಿಸಿದಳು.

ಹಕ್ಕಿ ಮತ್ತೆ ಬರಲು ಆರು ದಿನ ಬೇಕಾಯಿತು. ಬಂದದ್ದು ಅದೇ ಹಕ್ಕಿಯೋ ಬೇರೆಯದೋ ದೇವರೇ ಬಲ್ಲ. ಪುಟ್ಟಿ ಅದೇ ಎಂದಳು. ನಾನೂ ಅದೇ ಎಂದೆ.

ಹಮ್ಮಿಂಗ್‌ಬರ್ಡ್‌ಗಳಲ್ಲಿ ಹಲವು ಜಾತಿಗಳು ಚಳಿಗಾಲಕ್ಕೆ ಮೆಕ್ಸಿಕೋ ಕಡೆಗೆ ಹೋಗಿಬಿಡುತ್ತವೆ. ಅನ್ನದ ಹಕ್ಕಿ ಹೋಗುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಕ್ಯಾಲಿಫೋರ್ನಿಯದ ದಕ್ಷಿಣದಲ್ಲಿ ಮತ್ತು ಅದರ ಕೆಳಗಿನ ಮೆಕ್ಸಿಕೋದ ಅಂಚಿನಲ್ಲಿ ಮಾತ್ರ ಮರಿ ಮಾಡುತ್ತಿತ್ತು. ಜನ ಮನೆಯಂಗಳದಲ್ಲಿ ಪರದೇಶದ ಹೂಗಿಡಗಳನ್ನು ನೆಟ್ಟರು, ಸಕ್ಕರೆ ನೀರಿನ ಕುಪ್ಪಿ ತೂಗುಹಾಕಿದರು. ಅದನ್ನೇ ನೆಚ್ಚಿ ಹಕ್ಕಿ ಬಡಗಣಕ್ಕೆ ಬಡಗಣಕ್ಕೆ ಬಂದು ಈಗ ಹಿಮ ಬೀಳುವ ಊರಿನಲ್ಲಿಯೂ ವರ್ಷವಿಡೀ ಇರುತ್ತದೆ. ಸಕ್ಕರೆ ನೀರೊಂದೇ ಅದರ ಆಹಾರವಲ್ಲ, ಗುಂಗುರು, ಜೇಡ ಮುಂತಾದ ಸಣ್ಣ ಹುಳುಗಳನ್ನೂ ಹಿಡಿದು ತಿನ್ನುತ್ತದೆ. ಆದರೆ ಹೂವಿಲ್ಲದ ಹೆಪ್ಪುಗಟ್ಟಿದ ಮುಂಜಾವಿನಲ್ಲಿ ಕುಪ್ಪಿಯೇ ಅದಕ್ಕೆ ದೊಡ್ಡ ಆಸರೆ.

ಅಂಥ ಮುಂಜಾವುಗಳು ಡಿಸೆಂಬರ್ ಕೊನೆಯ ವಾರಗಳಲ್ಲಿ ಬಂದವು. ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ ಇಳಿದು, ರಸ್ತೆಯ ಮೇಲೆಲ್ಲ ಗಾಜಿನಂಥ ಮಂಜುಗಡ್ಡೆ. ಕುಪ್ಪಿಯೊಳಗಿನ ಪಾನಕವೂ ಗಡ್ಡೆಯಾಯಿತು. ಗಡ್ಡೆ ಕಟ್ಟದಂತೆ ಸಕ್ಕರೆ ಹೆಚ್ಚು ಹಾಕೋಣವೇ ಎಂದು ನಾನು ಕೇಳಿದ್ದಕ್ಕೆ ಪುಟ್ಟಿ ಖಂಡಿತ ಬೇಡವೆಂದಳು. ಒಂದಕ್ಕೆ ನಾಲ್ಕು ಎಂದರೆ ಒಂದಕ್ಕೆ ನಾಲ್ಕೇ. ರಾತ್ರಿ ಕುಪ್ಪಿಯನ್ನು ಒಳಗೆ ತಂದಿಟ್ಟು, ಬೆಳಕು ಹರಿಯುವ ಮೊದಲೇ ಹೊರಗೆ ಇಡುವುದೆಂದಾಯಿತು. ಅಲ್ಲಿ ಚಳಿಗಾಲದ ಸೂರ್ಯ ಏಳುವುದು ಎಂಟು ಗಂಟೆಯ ಹೊತ್ತಿಗೆ. ನನಗೆ ಎಚ್ಚರವಾಗುವುದು ಐದಕ್ಕೆ. ಶಾಲೆಗೆ ರಜೆ, ಪುಟ್ಟಿಯೂ ನನ್ನ ಜೊತೆ ಎದ್ದು ಬರತೊಡಗಿದಳು.

ಕತ್ತಲೆಯ ಅಡುಗೆಮನೆಯಲ್ಲಿ, ಮಗುವಿಗೂ ಬಾಣಂತಿಗೂ ಎಚ್ಚರವಾಗದಂತೆ ಪಿಸುಮಾತಿನಲ್ಲಿ ನಾವು ಎಷ್ಟು ಮಾತಾಡಿದೆವು! ಯಾವ ಭಾಷೆಯಲ್ಲಿ ಎಂದು ಯೋಚಿಸಲು ಅವಳಿಗೆ ನಿದ್ದೆಗಣ್ಣಿನಲ್ಲಿ ಪುರುಸೊತ್ತಿರಲಿಲ್ಲ. ಜೇನಿನ ಕತೆ ಹೇಳಿಸಿಕೊಂಡಳು. ಶರ್ಕರದ ಕತೆಯನ್ನು ಮೂರು ಸಲ ಹೇಳಿಸಿಕೊಂಡಳು. ಗೆರಟೆಯ ಕತೆಯನ್ನೂ ಹೇಳಿದೆ, ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಸ್ವಲ್ಪ ಯೋಚಿಸಿ, “ಬಿಸಿ ನೀರು ಹಾಕ್ಬೇಕಿತ್ತು ಅಜ್ಜಿ” ಎಂದಳು. ಹೌದು, ಹಾಕಬೇಕಿತ್ತು.

ಒಂದು ದಿನ ಅವಳು ಕೇಳಿದ ಪ್ರಶ್ನೆ ಬೇರೆ. ಶಾಲೆಯಲ್ಲಿ ಭೂಪಟದಲ್ಲಿ ಅಜ್ಜಿಯ ಊರಿಗೆ ಬಣ್ಣ ಹಾಕುವುದಿತ್ತಂತೆ. ಕನ್ನಡ ಆಡುವವರ ರಾಜ್ಯ ಕರ್ನಾಟಕ ಎಂದು ಪುಸ್ತಕದಲ್ಲಿದೆ, ಅಜ್ಜಿ ಇರುವುದು ಕೇರಳದಲ್ಲಿ, ಹಾಗಾದರೆ ಅಜ್ಜಿ ಕರ್ನಾಟಕದಿಂದ ಯಾವಾಗ ಬಂದದ್ದು? ಎಲ್ಲಿಂದಲೂ ಬಂದದ್ದಲ್ಲ, ಅಜ್ಜಿಯ ಅಜ್ಜಿಯೂ ಅದೇ ಮನೆಯಲ್ಲಿದ್ದವಳು, ಗೆರೆ ಎಳೆದದ್ದು ಆಮೇಲೆ ಎಂದೆ. ಗೆರೆ ಎಳೆದವರಿಗೆ ನಿಮ್ಮ ಮನೆ ಕಾಣಿಸಲಿಲ್ಲವಾ ಎಂದಳು. ಉತ್ತರ ಹೊಳೆಯುವಷ್ಟರಲ್ಲಿ ಹೊರಗೆ ಮಸುಕು ಬೆಳಕಾಗಿತ್ತು. ಅವಳ ಗಮನ ಹಕ್ಕಿಯ ಕಡೆಗೆ ಹೋಯಿತು.

ಬೋಳಾಗಿದ್ದ ಮೇಪಲ್ ಮರದ ಕೊಂಬೆಯಲ್ಲಿ ಅದು ಗರಿ ಉಬ್ಬಿಸಿಕೊಂಡು, ಕೊಕ್ಕು ಮೇಲಕ್ಕೆ ಮಾಡಿ, ಕಲ್ಲಿನಂತೆ ಕುಳಿತಿತ್ತು. “ಅಜ್ಜಿ, ಸತ್ತು ಹೋಗಿದೆಯಾ?” ಎಂದು ಪುಟ್ಟಿ ನನ್ನ ಸೆರಗು ಹಿಡಿದಳು. ನನಗೂ ಎದೆ ಧಸಕ್ಕೆಂದಿತು. ಆದರೆ ಚಳಿಯ ರಾತ್ರಿಗಳಲ್ಲಿ ಈ ಹಕ್ಕಿ ಒಂದು ಬಗೆಯ ಜಡನಿದ್ರೆಗೆ ಇಳಿಯುತ್ತದೆಂದು ನರ್ಸ್ ಹೇಳಿದ್ದರು. ಹಾರುವಾಗ ನಿಮಿಷಕ್ಕೆ ಸಾವಿರ ಸಲ ಮೀರಿ ಬಡಿಯುವ ಎದೆ ಆಗ ಐವತ್ತರ ಆಸುಪಾಸಿಗೆ ಇಳಿಯುತ್ತದಂತೆ, ಮೈ ತಣ್ಣಗಾಗುತ್ತದಂತೆ. ಹಾಗೆ ಮಾಡದಿದ್ದರೆ ಅಷ್ಟು ಪುಟ್ಟ ದೇಹ ಬೆಳಗಾಗುವ ಮೊದಲೇ ಹಸಿವಿನಿಂದ ಸಾಯುತ್ತದೆ. ನಾವಿಬ್ಬರೂ ಗಾಜಿಗೆ ಮೂಗು ಒತ್ತಿ ನಿಂತೆವು. ಹತ್ತಿಪ್ಪತ್ತು ನಿಮಿಷವಾಗಿರಬೇಕು. ಅದು ಒಮ್ಮೆ ನಡುಗಿತು. ಮತ್ತೊಮ್ಮೆ ನಡುಗಿತು. ಆಮೇಲೆ ನೆಟ್ಟಗೆ ಕುಪ್ಪಿಗೆ ಬಂತು. ಪುಟ್ಟಿ “ಕುಡಿ, ಕುಡಿ” ಎಂದು ಗಾಜಿಗೆ ಹೇಳುತ್ತಿದ್ದಳು.

2023ರ ಮಾರ್ಚ್‌ನಲ್ಲಿ ಊರಿಗೆ ಬಂದೆ. ಅಕ್ಷರಮಾಲೆಯ ಪುಸ್ತಕದಲ್ಲಿ ‘ಹ’ಕಾರದವರೆಗೆ ಮುಟ್ಟಲಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮಗಳು ಅಂಥದೇ ಒಂದು ಕುಪ್ಪಿಯನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದಳು. ಸೂರಕ್ಕಿಗೆಂದು ಜಗಲಿಯ ಮಾಡಿಗೆ ತೂಗುಹಾಕಿದೆ. ಮೊದಲ ದಿನ ಕೆಂಪಿರುವೆ ಬಂತು, ಎರಡನೆಯ ದಿನ ಜೇನುನೊಣ. ಏಪ್ರಿಲ್‌ನ ಸೆಕೆಗೆ ಪಾನಕ ಒಂದೇ ಹಗಲಿನಲ್ಲಿ ಹುಳಿಯಾಯಿತು. ಸೂರಕ್ಕಿ ತಿರುಗಿಯೂ ನೋಡಲಿಲ್ಲ. ಅದಕ್ಕೆ ಹಿತ್ತಿಲಿನ ದಾಸವಾಳವಿತ್ತು, ಕೇಪಳವಿತ್ತು, ಬಾಳೆಯ ಪೂಂಬೆಯಿತ್ತು. ದಾಸವಾಳದ ಬುಡಕ್ಕೆ ಹೊರಗಿನಿಂದಲೇ ತೂತು ಮಾಡಿ ಕಳ್ಳನಂತೆ ಮಕರಂದ ಹೀರಿ ಹೋಗುತ್ತಿತ್ತು. ಕುಪ್ಪಿಯನ್ನು ತೊಳೆದು ಒರಸಿ ಕಪಾಟಿನಲ್ಲಿಟ್ಟೆ.

ತಮ್ಮ ಈಗ ಮತ್ತೆ ಎರಡು ಪೆಟ್ಟಿಗೆ ಜೇನು ಇಟ್ಟಿದ್ದಾನೆ. ಆ ಮಳೆಗಾಲದಿಂದ ಪಾಕದ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಗೆರಟೆಗಳನ್ನು ಪ್ರತಿ ಸಲವೂ ಕುದಿಯುವ ನೀರಿನಲ್ಲಿ ಹಾಕಿ ತೆಗೆಯುತ್ತೇನೆ. ಒಂದು ಪೆಟ್ಟಿಗೆಯದು ಇನ್ನೊಂದಕ್ಕೆ ಹೋಗದಂತೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಇದು ಅತಿಯಾಯಿತೆಂದು ತಮ್ಮ ನಗುತ್ತಾನೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಪಾಕಕ್ಕೆ ನೀರಿಟ್ಟಾಗ ಪುಟ್ಟಿಯ ವಿಡಿಯೋ ಕರೆ ಬಂತು. ಅಲ್ಲಿ ರಾತ್ರಿಯ ಊಟದ ಹೊತ್ತು. ಎಂತ ಮಾಡ್ತಿದ್ದೀ ಅಜ್ಜಿ ಎಂದಳು. ಜೇನಿಗೆ ಊಟ ಎಂದೆ. ಒಂದಕ್ಕೆ ನಾಲ್ಕಾ ಎಂದಳು. ಅಲ್ಲ, ಜೇನಿಗೆ ಒಂದಕ್ಕೆ ಒಂದು ಎಂದೆ. ಸ್ವಲ್ಪ ಅನುಮಾನದಿಂದ ನೋಡಿದಳು. ಡಬ್ಬ ತೋರಿಸು ಎಂದಳು. ಫೋನನ್ನು ಸಕ್ಕರೆ ಡಬ್ಬದ ಮೇಲೆ ಬಾಗಿಸಿ ತೋರಿಸಿದೆ. ಬಗ್ಗಿ ನೋಡಿ, “ಸರಿ, ಶರ್ಕರ ಅಲ್ಲ” ಎಂದಳು. ಕುಡ್ತೆ ಎತ್ತಿಕೊಂಡು ಅಳೆಯಲು ತೊಡಗಿದೆ.